ಇಂದುಬಾಯಿಯ ಒಂದು ನಿದ್ದೆ

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನುತ್ತಾರೆ. ಇಂದುಬಾಯಿಗೆ ತಲೆ ತುಂಬ ಚಿಂತೆ ಇದ್ದಾಗಲೂ ಸಂತೆಯಲ್ಲಿ ನಿದ್ದೆ ಬರುತ್ತಿತ್ತು. ಇದು ಹೊಗಳಿಕೆಯಲ್ಲ, ಇಂಡಿ ಪಟ್ಟಣದ ಲಿಂಬೆ ಮಾರ್ಕೆಟ್ಟಿಗೆ ಹೋಗಿಬಂದ ಮಂದಿಯೆಲ್ಲ ಕಣ್ಣಾರೆ ಕಂಡದ್ದು. ಒಂದು ಕಡೆ ಹರಾಜಿನ ಸವಾಲು ಕೂಗುವವರ ಗದ್ದಲ, ಇನ್ನೊಂದು ಕಡೆ ಹಮಾಲರ ಬೈಗುಳ, ಮೇಲೆ ಟೆಂಪೋಗಳ ಹಾರ್ನು. ಆಕೆ ಮಾತ್ರ ಲಿಂಬೆ ಚೀಲಕ್ಕೆ ಬೆನ್ನು ಕೊಟ್ಟು, ಸೆರಗನ್ನು ಮುಖದ ಮೇಲೆ ಎಳೆದುಕೊಂಡರೆ ಮುಗಿಯಿತು, ಗೊರಕೆ ಶುರು. ಗಂಡ ಬಂದು, "ಏಳ, ಮಾಲು ಹೋತು," ಅಂದಾಗ ಎದ್ದು, ಏನೂ ಆಗದವಳಂತೆ ಖಾಲಿ ಚೀಲ ಜಾಡಿಸಿ ಮಡಚುತ್ತಿದ್ದಳು.

ಹುಟ್ಟಿದ್ದು ಭೀಮಾ ದಂಡೆಯ ದೇವಣಗಾಂವದಲ್ಲಿ. ಹಡೆದ ತಾಯಿಯೇ ಆಕೆಯನ್ನು ಕುಂಭಕರ್ಣನ ತಂಗಿ ಅಂತ ಕರೆಯುತ್ತಿದ್ದಳು. ಮದುವೆಯಲ್ಲಿ ತಲೆಗೆ ಬಾಸಿಂಗ ಕಟ್ಟಿಸಿಕೊಂಡು ಕೂತವಳು ಅಕ್ಕಿಕಾಳು ಬೀಳುವ ಹೊತ್ತಿಗೆ ತೂಕಡಿಸುತ್ತಿದ್ದಳಂತೆ. ಬೀಗರ ಕಡೆಯ ಹೆಂಗಸರು ಅದನ್ನು ಹೇಳಿ ಹೇಳಿ ನಕ್ಕು, ಆಕೆಯ ಮಗನ ಮದುವೆಯಲ್ಲೂ ಹೇಳಿ ನಕ್ಕರು. ಗಂಡನನ್ನು ಮಣ್ಣು ಮಾಡಿ ಬಂದ ರಾತ್ರಿಯೂ ಇಂದುಬಾಯಿ ನಿದ್ದೆ ಮಾಡಿದಳು. ಆಗ ಯಾರೂ ನಗಲಿಲ್ಲ, ಬೆನ್ನ ಹಿಂದೆ ಆಡಿಕೊಂಡರು. ಆಕೆಗೆ ಸಿಟ್ಟು ಬಂತು. "ಅತ್ತು ಅತ್ತು ಸಾಕಾಗಿತ್ತವಾ ನನಗ," ಅಂದಳು. "ನೀವೆಲ್ಲಾರೂ ನಿಮ್ಮ ನಿಮ್ಮ ಮನಿಗಿ ಹೋದ್ರಿ. ನಿದ್ದಿ ಒಂದ ನನ್ನ ಜೋಡಿ ಉಳೀತು."

ಅಂಥ ಇಂದುಬಾಯಿಗೆ ಈಗ ಎಪ್ಪತ್ತು ದಾಟಿದೆ, ನಿದ್ದೆ ಇಲ್ಲ. ನಿದ್ದೆ ಸುಖ ಅರಿಯದು ಅಂತ ಗಾದೆ ಕಟ್ಟಿದವನು ಹರೆಯದವನೇ ಇರಬೇಕು. ಮುದುಕಿಯ ನಿದ್ದೆಗೆ ಎಲ್ಲವೂ ಬೇಕು: ಕತ್ತಲೆ ಬೇಕು, ಸದ್ದಿಲ್ಲದ ಹೊತ್ತು ಬೇಕು, ನೋಯದ ಮೈ ಬೇಕು. ಇಷ್ಟೆಲ್ಲ ಕೊಟ್ಟರೂ ಬರುತ್ತೇನೆ ಅನ್ನುವ ಖಾತ್ರಿಯಿಲ್ಲ. ಆಕೆ ದೇವರ ಹತ್ತಿರ ಬೇರೇನನ್ನೂ ಬೇಡುವುದನ್ನು ಬಿಟ್ಟಿದ್ದಳು. ಒಂದು ರಾತ್ರಿ, ಹಾಸಿಗೆಗೆ ಬಿದ್ದಾಗಿನಿಂದ ಬೆಳಗಾಗುವ ತನಕ, ನಡುವೆ ಹರಿಯದಂಥ ಒಂದೇ ಒಂದು ನಿದ್ದೆ. ಅಷ್ಟೇ ಆಕೆಗೆ ಬೇಕಾಗಿದ್ದದ್ದು.

ಮೊದಲು ಬಂದದ್ದು ಮೊಣಕಾಲು ನೋವು. ಲಿಂಬೆ ಗಿಡದ ಕೆಳಗೆ ಕುಕ್ಕರಗಾಲಲ್ಲಿ ಕೂತು ಹಣ್ಣು ಆಯ್ದದ್ದು, ಮತ್ತೆ ಮನೆಗೆ ಬಂದು ಹಾಗೇ ಕೂತು ದೊಡ್ಡದು ಸಣ್ಣದು ಬೇರೆ ಮಾಡಿದ್ದು, ಒಂದು ಆಯುಷ್ಯವೆಲ್ಲ ಅದೇ ಆಯಿತು. ಎರಡೂ ಕಾಲು ಈಗ ಮಡಚುವುದಿಲ್ಲ. ನೆಲದ ಮೇಲೆ ಕೂತು ಉಂಡು ಎಷ್ಟೋ ವರ್ಷವಾಗಿದೆ. ಹಗಲು ನಾಲ್ಕು ಮಂದಿಯ ನಡುವೆ ಇದ್ದಾಗ ಹೇಗೋ ತಡೆದುಕೊಳ್ಳುವ ನೋವು, ರಾತ್ರಿ ಒಬ್ಬಳೇ ಸಿಕ್ಕರೆ ಸಾಕು, ಹಳೆಯ ಬಾಕಿ ತೀರಿಸಿಕೊಳ್ಳಲು ಬಂದವರ ಹಾಗೆ ಕೂತುಬಿಡುತ್ತದೆ. ಎಡಕ್ಕೆ ಹೊರಳಿದರೆ ಎಡಗಾಲು, ಬಲಕ್ಕೆ ಹೊರಳಿದರೆ ಬಲಗಾಲು. ಕಣ್ಣು ಹತ್ತಿತು ಅನ್ನುವಷ್ಟರಲ್ಲಿ ಎಬ್ಬಿಸುತ್ತದೆ.

ಮಗ ಸಿದ್ದಲಿಂಗ ಒಳ್ಳೆಯವನು. ಇದನ್ನು ಮೊದಲೇ ಹೇಳಿಬಿಡುವುದು ಚಲೋ, ಯಾಕೆಂದರೆ ಮುಂದೆ ಆದದ್ದೆಲ್ಲ ಒಳ್ಳೆಯವರಿಂದಲೇ ಆದದ್ದು. ಹಲಸಂಗಿ ದಾರಿಯ ತೋಟದ ವಸ್ತಿಯಲ್ಲಿ ಅವರ ಮನೆ, ಹೊಲದ ನಡುವೆ. ಅವ್ವನ ಕಾಲು ಮಡಚುವುದಿಲ್ಲ ಅಂತ ಆತ ಮನೆಯ ಉತ್ತರ ಮಗ್ಗುಲಿಗೆ ಒಂದು ಉದ್ದನೆಯ ಕೋಣೆ ಕಟ್ಟಿಸಿ, ಅದಕ್ಕೇ ಹೊಂದಿಸಿ ಕುರ್ಚಿಯಂತೆ ಕೂರುವ ಕಮೋಡು ಹಾಕಿಸಿದ. ಊರಲ್ಲಿ ಎಷ್ಟು ಮಂದಿ ಮಕ್ಕಳು ಹೀಗೆ ಮಾಡುತ್ತಾರೆ? ಸೊಸೆ ಸುವರ್ಣಾ ಕೂಡ ಹಾಗೆಯೇ. ಬೆಳಗಿನ ಚಹಾ ಆಕೆಯೇ ಒಯ್ದು ಕೊಡಬೇಕು, ಬೇರೆಯವರ ಕೈಗೆ ಕೊಡುತ್ತಿರಲಿಲ್ಲ.

ಆ ಕೋಣೆಗೆ ಇರುವುದು ಒಂದೇ ಕಿಟಕಿ, ಉತ್ತರದ ಗೋಡೆಗೆ. ಕೋಣೆ ಎಷ್ಟು ಸಣ್ಣ ಅಗಲದ್ದೆಂದರೆ ಮಲಗುವ ಕಾಟನ್ನು ಉದ್ದಕ್ಕೇ ಹಾಕಬೇಕು, ಅಡ್ಡ ಹಾಕಲು ಬರುವುದಿಲ್ಲ. ಹಾಗಾಗಿ ದಕ್ಷಿಣಕ್ಕೆ ತಲೆ, ಉತ್ತರಕ್ಕೆ ಕಾಲು. ಕಣ್ಣು ತೆರೆದರೆ ಎದುರಿಗೆ ಕಿಟಕಿ, ಕಿಟಕಿಯಾಚೆ ಲಿಂಬೆ ತೋಟ, ಅದರಾಚೆ ಕತ್ತಲೆ. ಎರಡು ವರ್ಷ ಹಾಗೇ ಇತ್ತು.

ಆಮೇಲೆ ಸಿದ್ದಲಿಂಗ ಆ ಕಡೆಯ ಲಿಂಬೆ ಗಿಡಗಳನ್ನು ಕೀಳಿಸಿ ಡ್ರ್ಯಾಗನ್ ಹಣ್ಣಿನ ಬಳ್ಳಿ ಹಚ್ಚಿದ. ಸಿಮೆಂಟಿನ ಕಂಬ, ಕಂಬಕ್ಕೊಂದು ಚಕ್ರ, ಚಕ್ರದಿಂದ ಜೋಲುವ ಮುಳ್ಳಿನ ಬಳ್ಳಿ. ಇಷ್ಟೇ ಆಗಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ಚಳಿಗಾಲ ಬಂದದ್ದೇ ತಡ, ಸಾಲು ಸಾಲಿಗೆ ತಂತಿ ಎಳೆದು ಬಿಳಿ ಬಲ್ಬು ತೂಗುಹಾಕಿದ. ಸ್ವಿಚ್ ಒತ್ತಿದಾಗ ಇಂದುಬಾಯಿಯ ಕೋಣೆಯಲ್ಲಿ ಗೋಡೆಯ ಮೇಲಿನ ಹಲ್ಲಿಯೂ ಕಾಣಿಸಿತು.

"ಏನಪಾ ಇದು, ಹೊಲದಾಗ ಯಾರ ಮದವಿ ಇಟಗೊಂಡಿ?" ಅಂತ ಕೇಳಿದಳು.

"ಮದವಿ ಅಲ್ಲವಾ. ಗಿಡಕ್ಕ ರಾತ್ರಿ ಆತು ಅಂತ ಗೊತ್ತಾಗಬಾರದು. ಬೆಳಕು ಬಿದ್ರ ಅದಕ್ಕ ಇನ್ನೂ ಬ್ಯಾಸಗಿ ಐತಿ ಅನಸ್ತೈತಿ. ಚಳಿಗಾಲದಾಗೂ ಮಗ್ಗಿ ಹಿಡೀತೈತಿ."

"ನಿದ್ದಿಗೆಟ್ಟು ಹೂ ಬಿಡಬೇಕೇನು ಅದು? ಪಾಪ."

ಸಿದ್ದಲಿಂಗ ನಕ್ಕ. ಆಕೆಯೂ ನಕ್ಕಳು. ಹೊಲದ ಲೈನಿಗೆ ಕರೆಂಟು ಬರುವುದೇ ಎಲ್ಲರೂ ಮಲಗಿದ ಮೇಲೆ, ಆದ್ದರಿಂದ ದೀಪ ಹತ್ತುವುದೂ ಆಗಲೇ. ಒಂದು ವಾರ ಕಳೆಯುವುದರೊಳಗೆ ಇಂದುಬಾಯಿಗೆ ನಗುವುದಕ್ಕೆ ಏನೂ ಉಳಿಯಲಿಲ್ಲ. ಮೊದಲು ನೋವು ಎಬ್ಬಿಸಿದರೂ ಸ್ವಲ್ಪ ಹೊತ್ತಿಗೆ ಮತ್ತೆ ಕಣ್ಣು ಹತ್ತುತ್ತಿತ್ತು. ಈಗ ನೋವು ಎಬ್ಬಿಸುತ್ತದೆ, ಬೆಳಕು ಮಲಗಗೊಡುವುದಿಲ್ಲ. ಒಬ್ಬರು ಹಿಡಿದುಕೊಂಡು ಇನ್ನೊಬ್ಬರು ಹೊಡೆದಂತೆ ಆಯಿತು.

ಸುವರ್ಣಾ ತನ್ನ ಹಳೆಯ ಸೀರೆಯನ್ನು ಮಡಚಿ ಪರದೆ ಕಟ್ಟಿದಳು. ಸೀರೆ ತಾನೇ ಬೆಳಗತೊಡಗಿತು. ಸಿದ್ದಲಿಂಗ ತಾಡಪತ್ರಿ ತಂದು ಬಿಗಿದ. ಕತ್ತಲಾಯಿತು ನಿಜ, ಆದರೆ ಗಾಳಿಯೂ ನಿಂತಿತು. ಇಂದುಬಾಯಿಗೆ ದಮ್ಮು ಹತ್ತಿ, ಬೆಳಗಾಗುವ ತನಕ ಕಾಟಿನ ಅಂಚಿಗೆ ಕೂತು ಬಾಯಲ್ಲಿ ಉಸಿರಾಡಿದಳು. ತಾಡಪತ್ರಿ ಮರುದಿನ ಮೇವಿನ ಬಣವೆಗೆ ಹೋಯಿತು.

ಇಂಡಿಯ ಡಾಕ್ಟರರು ನಿಧಾನದ ಮನುಷ್ಯ. ಮುದುಕಿ ಹೇಳಿದ್ದನ್ನೆಲ್ಲ ಕೇಳಿದರು. "ವಯಸ್ಸಾದ್ಮ್ಯಾಲ ನಿದ್ದಿ ತೆಳ್ಳಗಾಗ್ತೈತ್ರಿ ಅಮ್ಮಾರ," ಅಂದರು. "ಹರೇದಾಗ ಆಳ ಇರತೈತಿ, ಈಗ ಮ್ಯಾಲಮ್ಯಾಲ. ನೋವಿಗೆ ಹರೀತೈತಿ, ಸಪ್ಪಳಕ್ಕ ಹರೀತೈತಿ. ಅದರ ಮ್ಯಾಲ ಕಣ್ಣಿಗೆ ಬೆಳಕು ಬಿದ್ರ, ಮೈ ಇನ್ನೂ ಹಗಲೈತಿ ಅಂತ ತಿಳಕೋತೈತಿ. ರಾತ್ರಿ ಕತ್ತಲ ಮಾಡ್ಕೋರಿ, ಮುಂಜಾನಿ ಬಿಸಿಲಿಗೆ ಕುಂಡ್ರಿ, ಮಧ್ಯಾಹ್ನ ಮಲಗಬ್ಯಾಡ್ರಿ."

"ಹಂಗಾರ ನಾನೂ ಆ ಗಿಡಾನೂ ಒಂದ ಆದ್ವಿ ನೋಡ್ರಿ," ಅಂದಳು ಇಂದುಬಾಯಿ. "ಅದು ಹೂವರ ಬಿಡತೈತಿ."

ಡಾಕ್ಟರರು ನೋವಿಗೊಂದು ಗುಳಿಗೆ, ನಿದ್ದೆಗೆ ಅರ್ಧ ಗುಳಿಗೆ ಬರೆದುಕೊಟ್ಟರು. ಅರ್ಧಕ್ಕಿಂತ ಹೆಚ್ಚು ಬೇಡ ಅಂತ ಸಿದ್ದಲಿಂಗನಿಗೆ ಎರಡು ಸಲ ಹೇಳಿದರು. ಮನೆಗೆ ಬಂದ ಸಿದ್ದಲಿಂಗ ಹೊಲದ ದೀಪವನ್ನೇ ಆರಿಸಿದ. ಮೊಗ್ಗು ಹಿಡಿಯುವ ಹೊತ್ತಿನಲ್ಲಿ ಹಾಗೆ ಮಾಡುವುದೆಂದರೆ ಸಣ್ಣ ಮಾತಲ್ಲ. ಆದರೆ ಅವ್ವನಿಗಿಂತ ಹಣ್ಣು ಹೆಚ್ಚಿನದೇನು ಅಂದುಕೊಂಡ. ಇಂದುಬಾಯಿ ಕತ್ತಲಲ್ಲಿ ಮಲಗಿ ಕಾದಳು. ನಿದ್ದೆ ಬರಲಿಲ್ಲ. ಇಷ್ಟು ದಿನ ಎಚ್ಚರವಿದ್ದ ಮೈಗೆ ಈಗ ಎಚ್ಚರವೇ ರೂಢಿಯಾಗಿತ್ತು. ಎರಡನೆಯ ರಾತ್ರಿ ಕಾಲ್ಮಡಿಗೆ ಎದ್ದವಳು ಕತ್ತಲಲ್ಲಿ ಕಮೋಡಿನ ಹೊಸ್ತಿಲಿಗೆ ಎಡವಿ ಬಿದ್ದಳು. ಹಣೆ ಊದಿತು. ಎಲುಬು ಮುರಿಯದೆ ಉಳಿದದ್ದು ಅವಳ ಪುಣ್ಯ.

"ಬೆಳಕ ಚಲೋ ಐತಿ ಬಿಡವ್ವಾ," ಅಂದ ಸಿದ್ದಲಿಂಗ, ಹಣೆಗೆ ಅರಿಶಿಣ ಹಚ್ಚುತ್ತ. "ಬಿದ್ದು ಹಾಸಗಿ ಹಿಡಿದ್ರ ಏನ ಮಾಡೂದು? ಹೋಳಿ ಹುಣ್ಣಿವಿ ತನಕ ತಡಕೊ. ಆಮ್ಯಾಲ ದೀಪದ ಕೆಲಸ ಇರೂದಿಲ್ಲ."

ದೀಪ ಮತ್ತೆ ಹತ್ತಿತು. ಅರ್ಧ ಗುಳಿಗೆ ನುಂಗಿದರೆ ಕಣ್ಣು ಎಳೆಯುತ್ತಿತ್ತು, ಬೆಳಕು ಬಂದು ರೆಪ್ಪೆ ತಟ್ಟುತ್ತಿತ್ತು, ಹಿಂದೆಯೇ ಮೊಣಕಾಲು ಎದ್ದು ಕೂರುತ್ತಿತ್ತು. ಹೋಳಿ ಹುಣ್ಣಿಮೆಗೆ ಇನ್ನೂ ಎರಡು ಅಮಾವಾಸ್ಯೆ ದಾಟಬೇಕಿತ್ತು.

ಜೋಹರಾಬಿ ಆಕೆಯ ಹಳೆಯ ಗೆಳತಿ. ಹರೆಯದಲ್ಲಿ ಇಬ್ಬರೂ ಒಂದೇ ಗಿಡದ ಕೆಳಗೆ ಲಿಂಬೆ ಆಯ್ದವರು, ಒಂದೇ ಮುಳ್ಳಿಗೆ ಕೈ ಗೀಚಿಸಿಕೊಂಡವರು. ಆಕೆಯ ಮೊಣಕಾಲೂ ಹೋಗಿವೆ, ಆದರೆ ಕೋಲೂರಿಕೊಂಡು ಮಧ್ಯಾಹ್ನದ ಹೊತ್ತಿಗೆ ವಸ್ತಿಗೆ ಬರುತ್ತಾಳೆ. ಆ ದಿನ ಬಂದವಳು ಗೆಳತಿಯ ಮುಖ ನೋಡಿ ಗಾಬರಿಯಾದಳು. ಕೋಣೆಯನ್ನು ಒಂದು ಸುತ್ತು ನೋಡಿದಳು, ಕಿಟಕಿ ನೋಡಿದಳು, ಕಾಟು ನೋಡಿದಳು.

"ಹುಚ್ಚ ಖುಳ್ಳಿ, ತಲಿದಿಂಬು ಆ ಕಡೆ ಇಡಬಾರದೇನು?" ಅಂದಳು. "ಕಿಡಕಿ ಬುಡಕ ತಲಿ ಇಟ್ರ, ಬೆಳಕು ನಿನ್ನ ಮ್ಯಾಲಿಂದ ಹಾದು ಆ ಗ್ವಾಡಿಗೆ ಬೀಳತೈತಿ. ನಿನ್ನ ಮಾರಿ ನೆಳ್ಳಾಗ ಇರತೈತಿ."

ಇಂದುಬಾಯಿ ಹೌಹಾರಿದಳು. "ಅದು ಉತ್ತರಾ!"

"ಆದ್ರ ಏನಾತು?"

"ಉತ್ತರಕ್ಕ ತಲಿ ಇಟ್ಟವರು ಏಳೂದಿಲ್ಲ."

"ನಿಮ್ಮ ಉತ್ತರದ ಸುದ್ದಿ ನನಗ ಗೊತ್ತಿಲ್ಲವಾ. ನಾವು ಪಡವಣಕ್ಕ ಕಾಲು ಚಾಚೂದಿಲ್ಲ, ಅಷ್ಟ," ಅಂದಳು ಜೋಹರಾಬಿ. "ನೀ ಮಲಗೂದ ಇಲ್ಲ ಅಂತಿ. ಮಲಗದವರು ಏಳೂದು ಎಲ್ಲಿಂದ?"

ಇಂದುಬಾಯಿ ಎಲೆ ಅಡಿಕೆ ಕೊಟ್ಟು ಗೆಳತಿಯನ್ನು ಕಳಿಸಿದಳು. ಆದರೆ ಮಾತು ಒಳಗೆ ಉಳಿಯಿತು. ಉತ್ತರಕ್ಕೆ ಯಾಕೆ ತಲೆ ಇಡಬಾರದು ಅಂತ ಆ ಸೀಮೆಯಲ್ಲಿ ಯಾರನ್ನು ಕೇಳಿದರೂ ಸರಿಯಾಗಿ ಹೇಳುವುದಿಲ್ಲ, ಆದರೆ ಯಾರೂ ಇಡುವುದಿಲ್ಲ. ಹಸುಗೂಸನ್ನು ಕೂಡ ತಿರುಗಿಸಿ ಮಲಗಿಸುತ್ತಾರೆ. ಇಂದುಬಾಯಿ ತಾನೇ ಎಷ್ಟು ಮಂದಿಯ ದಿಂಬನ್ನು ಬೈದು ಎತ್ತಿ ಈ ಕಡೆ ಇಟ್ಟಿದ್ದಾಳೋ.

ಮೂರು ದಿನ ತಡೆದಳು. ನಾಲ್ಕನೆಯ ದಿನ ರಾತ್ರಿ ನೋವಿನ ಗುಳಿಗೆ ನುಂಗಿ, ಅರ್ಧ ಗುಳಿಗೆ ನುಂಗಿ, ಮಗ ಸೊಸೆ ಮಲಗಿದ್ದನ್ನು ಖಾತ್ರಿ ಮಾಡಿಕೊಂಡು, ದಿಂಬನ್ನು ಎತ್ತಿ ಕಿಟಕಿಯ ಕೆಳಗೆ ಹಾಕಿದಳು. "ಶಿವನ, ನಾ ಸಾಯಾಕಲ್ಲ, ಮಲಗಾಕ," ಅಂತ ಬಾಯಿಬಿಟ್ಟು ಹೇಳಿ ಕೈಮುಗಿದಳು. ದೇವರಿಗೆ ತಪ್ಪು ತಿಳಿಯಬಾರದಲ್ಲ. ಮಲಗಿದಳು. ಬೆಳಕು ಮೇಲಿಂದ ಹಾದುಹೋಗಿ ದೂರದ ಗೋಡೆಗೆ ಬಿತ್ತು. ಮುಖದ ಮೇಲೆ ನೆರಳಿತ್ತು. ಜೋಹರಾಬಿ ಹೇಳಿದ್ದು ಖರೆಯೇ ಆಗಿತ್ತು.

ನಿದ್ದೆ ಬಂತು. ಹೇಗೆ ಬಂತೆಂದರೆ, ಹರೆಯದಲ್ಲಿ ಬರುತ್ತಿದ್ದ ಹಾಗೆ, ಕೇಳದೆ ಹೇಳದೆ. ಮೊಣಕಾಲು ಕರೆದಿರಬೇಕು, ಆಕೆಗೆ ಕೇಳಿಸಲಿಲ್ಲ. ಕೋಳಿ ಕೂಗಿತು, ಟ್ರ್ಯಾಕ್ಟರು ಹೊರಟಿತು, ಬಿಸಿಲು ಏರಿತು. ಇಂದುಬಾಯಿ ಏಳಲಿಲ್ಲ. ಅಷ್ಟು ಆಳದಲ್ಲಿದ್ದಳು, ಗೊರಕೆ ಕೂಡ ಇರಲಿಲ್ಲ.

ಸುವರ್ಣಾ ಚಹಾ ಹಿಡಿದು ಬಂದಳು. ಬಾಗಿಲಲ್ಲಿ ಆಕೆಗೆ ಮೊದಲು ಕಂಡದ್ದು ಅತ್ತೆಯ ಕಾಲು, ದಿಂಬು ಇರಬೇಕಾದ ಜಾಗದಲ್ಲಿ. ತಲೆ ಉತ್ತರಕ್ಕಿತ್ತು. ಬಾಯಿ ಅರ್ಧ ತೆರೆದಿತ್ತು. "ಅತ್ತೀ," ಅಂದಳು. "ಅತ್ತೀ, ಏಳ್ರಿ." ಅತ್ತೆ ಅಲುಗಲಿಲ್ಲ. ಪಾದ ಮುಟ್ಟಿದಳು. ಚಳಿಗಾಲದ ಮುದುಕಿಯ ಪಾದ, ತಣ್ಣಗಿತ್ತು. ಲೋಟ ಕೈಯಿಂದ ಬಿತ್ತು. ಆಕೆ ಹಾಕಿದ ಚೀರು ಪಕ್ಕದ ವಸ್ತಿಗೆ ಕೇಳಿತು.

ಪಕ್ಕದ ವಸ್ತಿಯಲ್ಲಿರುವವಳು ರೇವವ್ವ. ಸುತ್ತಲ ಹಳ್ಳಿಗಳಲ್ಲಿ ಯಾರ ಮನೆಯಲ್ಲಿ ಉಸಿರು ನಿಂತರೂ ಮೊದಲು ಹೊಸ್ತಿಲು ದಾಟುವವಳು ಆಕೆಯೇ. ಹೆಣದ ಕೆಲಸದಲ್ಲಿ ಪಳಗಿದ ಕೈ, ಅದರ ಜಂಬವೂ ಇದೆ. ಬಂದವಳೇ ತಲೆ ಇದ್ದ ದಿಕ್ಕು ನೋಡಿದಳು. ಅರ್ಧ ನಿರ್ಧಾರ ಅಲ್ಲೇ ಆಯಿತು. ಮೂಗಿನ ಮುಂದೆ ಅಂಗೈ ಹಿಡಿದಳು. ತೆರೆದ ಕಿಟಕಿಯಿಂದ ಬೀಸುವ ಚಳಿಗಾಳಿಯಲ್ಲಿ ಮುದುಕಿಯ ಉಸಿರು ಎಷ್ಟರದು? "ಹೋದ್ಳವಾ ತಂಗಿ," ಅಂದಳು. "ನೋಡು, ಗೊತ್ತಾಗಿತ್ತು ಆಕಿಗೆ. ತಾನ ಉತ್ತರಕ್ಕ ತಿರುಗ್ಯಾಳ. ಪುಣ್ಯವಂತಿ, ನಿದ್ದ್ಯಾಗ ಹೋದ್ಳು."

ಅಬ್ಬಾ, ಆಮೇಲಿನ ಗದ್ದಲವೇ ಗದ್ದಲ! ಹೆಂಗಸರು ಸೇರಿ ಅಳು ಶುರುವಾಯಿತು. ಟ್ರ್ಯಾಕ್ಟರ್ ಓಡಿಸುವ ಪರಶು ಮೊಬೈಲು ತೆಗೆದು, ಯುಗಾದಿಯಲ್ಲಿ ತೆಗೆದ ಇಂದುಬಾಯಿಯ ಫೋಟೋಕ್ಕೆ ಹೂವಿನ ಚೌಕಟ್ಟು ಹಚ್ಚಿ, ಭಾವಪೂರ್ಣ ಶ್ರದ್ಧಾಂಜಲಿ ಅಂತ ವಾಟ್ಸಾಪಿನಲ್ಲಿ ಹಾಕಿಯೇಬಿಟ್ಟ. ಹಣ್ಣಿನ ಕ್ರೇಟು ಇಳಿಸುತ್ತ ಇಂಡಿಯಲ್ಲಿದ್ದ ಸಿದ್ದಲಿಂಗ ಅದನ್ನು ನೋಡಿ, ಕ್ರೇಟನ್ನು ಅಲ್ಲೇ ಬಿಟ್ಟು ಮನೆಯ ದಾರಿ ಹಿಡಿದ. ದೇವಣಗಾಂವದಿಂದ ಇಂದುಬಾಯಿಯ ತಮ್ಮ ಟಂಟಂ ಗಾಡಿ ಮಾಡಿಕೊಂಡು ಮಾಲೆ ಸಮೇತ ಹೊರಟ.

ಇಂದುಬಾಯಿ ಮಾತ್ರ ಮಾರ್ಕೆಟ್ಟಿನಲ್ಲಿದ್ದಳು. ಬೆನ್ನ ಹಿಂದೆ ಲಿಂಬೆ ಚೀಲ, ಮುಖದ ಮೇಲೆ ಸೆರಗು. ಸುತ್ತ ಹೆಂಗಸರ ಕೂಗು ಕೇಳುತ್ತಿತ್ತು, ಸವಾಲು ಜೋರಾಗಿದೆ ಇವತ್ತು ಅಂದುಕೊಂಡಳು. ಸದ್ದು ಏರಿದಷ್ಟೂ ಆಕೆಗೆ ನಿದ್ದೆ ಹಿತವಾಗುತ್ತಿತ್ತು. ಗಂಡ ಬಂದು ಎಬ್ಬಿಸುವ ತನಕ ಏಳುವ ಜರೂರು ಇಲ್ಲ, ಅಷ್ಟು ಆಕೆಗೆ ಗೊತ್ತಿತ್ತು.

ಲಿಂಗಾಯತರ ಮನೆಯಲ್ಲಿ ಹೆಣವನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಗೋಡೆಗೆ ಆನಿಸಿ, ಚಕ್ಕಳಮಕ್ಕಳ ಹಾಕಿಸಿ, ವಿಭೂತಿ ಹಚ್ಚಿ ಕೂರಿಸಿ, ಹಾಗೇ ಮಣ್ಣಿಗೆ ಇಳಿಸುತ್ತಾರೆ. ಮೈ ಸೆಟೆಯುವ ಮೊದಲೇ ಕಾಲು ಮಡಚಬೇಕು, ಸೆಟೆದ ಮೇಲೆ ಮಡಚಲು ಬರುವುದಿಲ್ಲ. ರೇವವ್ವನಿಗೆ ಇದರಲ್ಲಿ ಆತುರ ಹೆಚ್ಚು. ಇಂದುಬಾಯಿಯ ಕಾಲು ಹಿಡಿದು ನೋಡಿದಳು, ಗಟ್ಟಿಯಾಗಿತ್ತು. ಅದು ಎಷ್ಟೋ ವರ್ಷದಿಂದ ಗಟ್ಟಿ ಅನ್ನುವುದು ಆ ಗಳಿಗೆಯಲ್ಲಿ ಸುವರ್ಣಾಳಿಗೂ ನೆನಪಾಗಲಿಲ್ಲ.

"ಆಗಲೇ ಸೆಟಿಯಾಕತ್ತೈತಿ," ಅಂದಳು ರೇವವ್ವ. "ಪರಶು, ನೀ ಹೆಗಲ ಹಿಡಿದು ಎತ್ತಿ ಕುಂಡ್ರಸು. ಸುವರ್ಣಾ, ಆ ಕಾಲು ಹಿಡಿ. ನಾ ಈ ಕಾಲು ಮಡಚತೇನಿ. ಅಂಜಬ್ಯಾಡ್ರಿ, ಜೋರಲೆ ಒತ್ತರಿ."

ಒತ್ತಿದರು.

ಇಂದುಬಾಯಿ ಹಾಕಿದ ಕೂಗು ಮನುಷ್ಯರದೆಂದು ಯಾರಿಗೂ ಅನಿಸಲಿಲ್ಲ. ಪರಶು ಕೈಬಿಟ್ಟು ಬಾಗಿಲಾಚೆ ಹಾರಿದ. ಅಳುತ್ತಿದ್ದ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ಅಂಗಳಕ್ಕೆ ಓಡಿದರು. ರೇವವ್ವ ಕಾಲು ಹಿಡಿದುಕೊಂಡೇ ಬಾಯಿ ತೆರೆದು ನಿಂತಿದ್ದಳು. ಕಾಟಿನ ಮೇಲೆ ಇಂದುಬಾಯಿ ಎರಡೂ ಕೈಯಲ್ಲಿ ಮೊಣಕಾಲು ಹಿಡಿದುಕೊಂಡು, "ಯವ್ವಾ, ಯಪ್ಪಾ, ಕೊಂದ್ರಲ್ಲೋ," ಅಂತ ಒದ್ದಾಡುತ್ತಿದ್ದಳು.

ಆಮೇಲೆ ನಗು. ನಗದೆ ಏನು ಮಾಡಿಯಾರು? ಸುವರ್ಣಾ ಅತ್ತೆಯನ್ನು ತಬ್ಬಿಕೊಂಡು ಅತ್ತು ನಕ್ಕಳು. ರೇವವ್ವ ಸೋಲು ಒಪ್ಪುವವಳಲ್ಲ. "ನನ್ನ ಕೈ ಹತ್ತಿದ್ದಕ್ಕ ಎದ್ದಾಳ," ಅಂತ ಅಂಗಳದಲ್ಲಿ ಸಾರುತ್ತಿದ್ದಳು. ವಿಭೂತಿ ಹಿಡಿದು ಬಂದಿದ್ದ ಅಯ್ಯನವರು ಚನ್ನಬಸಯ್ಯ, ತಂದ ವಿಭೂತಿಯನ್ನು ಜೀವಂತ ಹಣೆಗೇ ಹಚ್ಚಿ, "ಸತ್ತ ಸುದ್ದಿ ಹಬ್ಬಿದವರ ಆಯುಷ್ಯ ಹೆಚ್ಚಾಗತೈತಿ. ಇನ್ನ ಹತ್ತು ವರ್ಷ ಚಿಂತಿಲ್ಲ ಬಿಡ್ರಿ," ಅಂದರು. ಎಲ್ಲರೂ ಹೌದು ಹೌದು ಅಂದರು. ಹತ್ತು ವರ್ಷಕ್ಕೆ ಎಷ್ಟು ರಾತ್ರಿ ಅನ್ನುವ ಲೆಕ್ಕ ಇಂದುಬಾಯಿಗೆ ಬರುವುದಿಲ್ಲ. ಬಾರದ್ದೇ ಒಳ್ಳೆಯದಾಯಿತು.

ಆಕೆ ನಗುತ್ತಿರಲಿಲ್ಲ. ಸುತ್ತ ನಿಂತವರ ಮುಖವನ್ನೆಲ್ಲ ಒಂದೊಂದಾಗಿ ನೋಡಿದಳು. ಕಣ್ಣಲ್ಲಿ ನೀರು ತುಂಬಿತ್ತು. "ನನ್ನ ಯಾಕ ಎಬ್ಬಿಸಿದ್ರಿ?" ಅಂದಳು. "ಎಷ್ಟು ಛಂದ ಮಲಗಿದ್ನಿ. ಯಾಕ ಎಬ್ಬಿಸಿದ್ರಿ?"

ನಗು ನಿಂತಿತು. "ಹಂಗ ಅನಬಾರದವ್ವ," ಅಂದಳು ಒಬ್ಬಳು, ಅಂಜಿ. ಇನ್ನೊಬ್ಬಳು ಇನ್ನೊಬ್ಬಳ ಕಿವಿಗೆ ಬಾಯಿ ಇಟ್ಟಳು.

ಸಿದ್ದಲಿಂಗ ಬಂದಾಗ ಆ ಮಾತು ಅಂಗಳದಲ್ಲೇ ಅವನಿಗೆ ಸಿಕ್ಕಿತು. ದಿಂಬು ತಾನೇ ತಿರುಗಿಸಿಕೊಂಡಿದ್ದಳಂತೆ. ಗುಳಿಗೆ ನುಂಗಿದ್ದಳಂತೆ. ಯಾಕೆ ಎಬ್ಬಿಸಿದಿರಿ ಅಂತ ಅತ್ತಳಂತೆ. ಮೂರೂ ಖರೆ, ಮೂರನ್ನೂ ಕೂಡಿಸಿದರೆ ಸುಳ್ಳು. ಆದರೆ ಆತ ಕೂಡಿಸಿದ. ಒಳಗೆ ಬಂದು ಅವ್ವನ ಕಾಲ ಬಳಿ ಕೂತ. ದೊಡ್ಡ ಮೀಸೆಯ ಗಂಡಸು, ಮಗುವಿನ ಹಾಗೆ ಅತ್ತ.

"ನಮ್ಮನ್ನ ಬಿಟ್ಟು ಹೋಗಬೇಕಂತ ಮಾಡಿದ್ಯಾ ಅವ್ವಾ? ನಾವೇನ ಕಮ್ಮಿ ಮಾಡೇವಿ?"

"ಸಾಯಾಕಲ್ಲೋ ನನ್ನಪ್ಪ," ಅಂದಳು ಇಂದುಬಾಯಿ. "ಮಲಗಾಕ. ಬರೇ ಮಲಗಾಕ."

"ಉತ್ತರಕ್ಕ ತಲಿ ಹಾಕಿ?"

"ಬೆಳಕು ಮಾರಿ ಮ್ಯಾಲ ಬೀಳಬಾರದಂತ."

ಆತ ತಲೆ ಅಲ್ಲಾಡಿಸಿದ. ಹೌದೆಂದೋ ಅಲ್ಲವೆಂದೋ ತಿಳಿಯಲಿಲ್ಲ. ಗುಳಿಗೆಗಳನ್ನೆಲ್ಲ ಎತ್ತಿಕೊಂಡು ಹೋಗಿ ಕಮೋಡಿಗೆ ಹಾಕಿ ನೀರು ಬಿಟ್ಟ. ಜೋಹರಾಬಿ ಹೇಳಿಕೊಟ್ಟದ್ದು ಅಂತ ಇಂದುಬಾಯಿ ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಆ ಬಡಪಾಯಿಯ ಕಾಲಿಗೂ ಈ ಮನೆಯ ಹೊಸ್ತಿಲು ತಪ್ಪುತ್ತಿತ್ತು. ಅಷ್ಟರಲ್ಲಿ ದೇವಣಗಾಂವದ ಟಂಟಂ ಬಂತು. ತಮ್ಮ ಮಾಲೆ ಹಿಡಿದು ಬೋರಾಡಿ ಅಳುತ್ತ ಒಳಗೆ ನುಗ್ಗಿದವನು, ಅಕ್ಕ ಚಹಾ ಕುಡಿಯುವುದನ್ನು ಕಂಡು ಮಾಲೆಯನ್ನು ಎಲ್ಲಿ ಇಡುವುದೆಂದು ತಿಳಿಯದೆ ದೇವರ ಜಗುಲಿಗೆ ಹಾಕಿದ.

ಮಡಚಿದ ಮೊಣಕಾಲು ಊದಿ ಕುಂಬಳಕಾಯಿಯಾಯಿತು. ಈಗ ಆಕೆಗೆ ಕೋಲಿದ್ದರೂ ನಡೆಯ ಬರುವುದಿಲ್ಲ, ಕಮೋಡಿಗೂ ಸೊಸೆ ಹಿಡಿದುಕೊಂಡು ಹೋಗಬೇಕು. ಎಡಕ್ಕೂ ಬಲಕ್ಕೂ ಹೊರಳುವುದು ಮುಗಿಯಿತು. ದಿಂಬು ದಕ್ಷಿಣಕ್ಕೆ ಹೋಯಿತು, ಮುಖ ಕಿಟಕಿಗೆ ಬಂತು. ಅದು ಸಾಲದೆಂದು, ರಾತ್ರಿಯೆಲ್ಲ ಅವ್ವ ಕಣ್ಣಿಗೆ ಕಾಣುತ್ತಿರಲಿ ಅಂತ ಸಿದ್ದಲಿಂಗ ಕಾಟಿನ ಮೇಲೆಯೇ ಒಂದು ಬಲ್ಬು ಹಾಕಿಸಿ, ಅದರ ಸ್ವಿಚ್ಚನ್ನು ಹೊರಗೆ ಪಡಸಾಲೆಯಲ್ಲಿ ಇರಿಸಿದ. ಅದನ್ನು ಯಾರೂ ಆರಿಸುವುದಿಲ್ಲ. ಹೋಳಿ ಹುಣ್ಣಿಮೆ ಬಂತು, ಹೊಲದ ದೀಪ ಆರಿತು, ಇದು ಆರಲಿಲ್ಲ. ಬಾಗಿಲಿನ ಚಿಲಕ ತೆಗೆಸಿದ. ಮಗ ಸೊಸೆ ಪಾಳಿ ಮಾಡಿಕೊಂಡು ಎದ್ದು ಬರುತ್ತಾರೆ.

"ಅವ್ವಾ?"

ಇಂದುಬಾಯಿ ಕೈ ಎತ್ತಬೇಕು. ಎತ್ತದಿದ್ದರೆ ಒಳಗೆ ಬಂದು ಅಲುಗಾಡಿಸುತ್ತಾರೆ. ಹಾಗಾಗಿ ಎತ್ತುತ್ತಾಳೆ. ಇನ್ನೂ ಬದುಕಿದ್ದೇನೆ ಅನ್ನುವ ಗುರುತಿಗೆ, "ಅದೇನೋ, ಅದೇನಿ. ಹೋಗಿ ಮಲಗು," ಅನ್ನುತ್ತಾಳೆ. ಅವರಿಗೂ ನಿದ್ದೆ ಇಲ್ಲ ಪಾಪ. ಸುವರ್ಣಾಳ ಕಣ್ಣ ಕೆಳಗೆ ಕಪ್ಪು ಕಟ್ಟಿದೆ. ಬೈಯಬೇಕೆಂದರೆ ಯಾರನ್ನು ಬೈಯುವುದು? ಪ್ರೀತಿ ಇಲ್ಲದ ಮಕ್ಕಳಾಗಿದ್ದರೆ ಬಾಗಿಲು ಹಾಕಿಕೊಂಡು ತಾವು ಮಲಗುತ್ತಿದ್ದರು, ಈಕೆಯನ್ನೂ ಮಲಗಬಿಡುತ್ತಿದ್ದರು.

ಮೊನ್ನೆ ಜೋಹರಾಬಿ ಬಂದಿದ್ದಳು. ಮಧ್ಯಾಹ್ನ. ಸಿದ್ದಲಿಂಗ ಹೊಲದಲ್ಲಿ, ಸುವರ್ಣಾ ಊರಲ್ಲಿ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಜೋಹರಾಬಿ ಪಡಸಾಲೆಗೆ ಹೋಗಿ ಸ್ವಿಚ್ ಹುಡುಕಿ ಬಲ್ಬು ಆರಿಸಿದಳು. ತನ್ನ ಸೆರಗನ್ನೇ ಕಿಟಕಿಗೆ ಅಡ್ಡ ಹಿಡಿದು, ಕುರ್ಚಿ ಎಳೆದುಕೊಂಡು ಕೂತಳು.

"ಮಲಗು," ಅಂದಳು. "ಯಾರ ಬಂದ್ರೂ ನಾ ಹೇಳತೇನಿ. ಇಲ್ಲೆ ನಾ ಅದೇನಿ."

ಇಂದುಬಾಯಿ ಕಣ್ಣು ಮುಚ್ಚಿದಳು. ಹೊರಗೆ ಬೇವಿನ ಗಿಡದಲ್ಲಿ ಗುಬ್ಬಿಗಳು ಜಗಳಾಡುತ್ತಿದ್ದವು. ಉಸಿರು ನಿಧಾನವಾಗಿ ಉದ್ದವಾಯಿತು, ಹಣೆಯ ಗೆರೆ ಸಡಿಲಿತು, ತುಟಿ ಸ್ವಲ್ಪ ತೆರೆಯಿತು. ಬಂತು, ಬಂತು ಅಂದುಕೊಂಡು ಜೋಹರಾಬಿ ಸೆರಗು ಹಿಡಿದ ಕೈ ನೋಯುತ್ತಿದ್ದರೂ ಇಳಿಸಲಿಲ್ಲ.

ಇಂದುಬಾಯಿಯ ಬಲಗೈ ಹಾಸಿಗೆಯಿಂದ ಮೇಲೆದ್ದಿತು. ಮೇಲೆದ್ದು ಹಾಗೇ ನಿಂತಿತು. "ಅದೇನೋ, ಅದೇನಿ," ಅಂದಳು. ಕಣ್ಣು ತೆರೆದಿದ್ದವು.

"ಯಾರೂ ಕರದಿಲ್ಲವಾ," ಅಂದಳು ಜೋಹರಾಬಿ. "ಯಾರೂ ಇಲ್ಲ ಮನ್ಯಾಗ. ಮಲಗು."

"ಕರೀತಾರ," ಅಂದಳು ಇಂದುಬಾಯಿ. ಕೈ ಇಳಿಸಲಿಲ್ಲ.